ಮನೆಯಲ್ಲೇ ಬೈಕ್ ಚಕ್ರಕ್ಕೆ ಕಡ್ಡಿ ಕಟ್ಟಿ, ಬೆಂಡ್ ತೆಗೆಯುವುದು ಹೇಗೆ?

ಆರ್‌ಎಕ್ಸ್ 100, ಹಳೇ ಸ್ಪ್ಲೆಂಡರ್, ಬುಲೆಟ್, ಮೈಸೂರಿನಲ್ಲಿ ತಯಾರಾದ ಯೆಜ್ಡಿ. ಇವುಗಳಲ್ಲಿ ಒಂದು ಮನೆಯಲ್ಲಿದ್ದರೂ ಸಾಕು, ಕಡ್ಡಿ ಚಕ್ರದ ಕಿರಿಕಿರಿ ನಿಮಗೆ ಗೊತ್ತಿರುತ್ತದೆ. ಒಂದು ಗುಂಡಿಗೆ ಜೋರಾಗಿ ಇಳಿಸಿದ ಮೇಲೆ ಹ್ಯಾಂಡಲ್ ಸಣ್ಣಗೆ ಅಲುಗುತ್ತದೆ. ಚಕ್ರ ಎತ್ತಿ ತಿರುಗಿಸಿದರೆ ರಿಮ್ ಆ ಕಡೆ ಈ ಕಡೆ ಓಲಾಡುತ್ತದೆ. ಮೊದಲೆಲ್ಲ ಸೈಕಲ್ ಶಾಪಿನವರೇ ಇದನ್ನು ಸರಿ ಮಾಡಿಕೊಡುತ್ತಿದ್ದರು. ಈಗ ಅಲಾಯ್ ಚಕ್ರಗಳೇ ಜಾಸ್ತಿಯಾಗಿ, ನಿಂತು ತಾಳ್ಮೆಯಿಂದ ಕಡ್ಡಿ ಕಟ್ಟುವವರನ್ನು ಹುಡುಕಬೇಕು. ಹಾಗಂತ ಕಡ್ಡಿ ಚಕ್ರ ಪೂರ್ತಿ ಹೋಗಿಲ್ಲ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೂಡ ಮುಂದೆ 21, ಹಿಂದೆ 17 ಇಂಚಿನ ಕಡ್ಡಿ ಚಕ್ರದಲ್ಲೇ ಬಂತು.

ಇದು ಕಲಿಯಬಹುದಾದ ಕೆಲಸ. ಬೇಕಾಗುವುದು ಹೆಚ್ಚು ಶಕ್ತಿಯಲ್ಲ, ಹೆಚ್ಚು ಸಮಯ. ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ: ಎಲ್ಲಿ ಸೊಟ್ಟ ಕಂಡರೂ ಅಲ್ಲಿ ಬಿಗಿ ಮಾಡುತ್ತಾರೆ. ಚಕ್ರದಲ್ಲಿ ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸಡಿಲ ಬಿಡಬೇಕು. ಈ ಲೆಕ್ಕ ಕೈಗೆ ಹತ್ತಿದರೆ ಉಳಿದದ್ದು ರೂಢಿ.

ಇಲ್ಲಿ ನಾನು ಹೇಳುವುದು 36 ಕಡ್ಡಿಯ, ಡ್ರಮ್ ಬ್ರೇಕಿನ ಮುಂದಿನ ಚಕ್ರದ ಬಗ್ಗೆ. 18 ಇಂಚಿನ ಸ್ಪ್ಲೆಂಡರ್ ಚಕ್ರ ಅಂದುಕೊಳ್ಳಿ. ಹಳೇ ಬುಲೆಟ್‌ನಲ್ಲಿ 40 ಕಡ್ಡಿ ಇರುತ್ತವೆ, ಲೆಕ್ಕ ಬೇರೆ, ವಿಧಾನ ಇದೇ. ಮೊದಲ ಸಲ ಹಿಂದಿನ ಚಕ್ರಕ್ಕೆ ಕೈ ಹಾಕಬೇಡಿ. ಅಲ್ಲಿ ಚೈನ್, ಸ್ಪ್ರಾಕೆಟ್, ಎರಡೂ ಬದಿಗೆ ಬೇರೆ ಬೇರೆ ಅಳತೆಯ ಕಡ್ಡಿ, ಎಲ್ಲಾ ಸೇರಿ ತಲೆ ಕೆಡುತ್ತದೆ.

ಚಕ್ರ ನಿಂತಿರುವುದು ಯಾವುದರ ಮೇಲೆ

ಎತ್ತಿನ ಗಾಡಿಯ ಚಕ್ರದಲ್ಲಿ ನಡುವಿನ ಗುಂಬದ ಕೆಳಗಿರುವ ಅರ (ಮರದ ಕಡ್ಡಿ) ನೆಟ್ಟಗೆ ನಿಂತು ಭಾರ ಹೊರುತ್ತದೆ. ಬೈಕಿನ ಕಡ್ಡಿಗೆ ಆ ತಾಕತ್ತಿಲ್ಲ. ಮೂರು ನಾಲ್ಕು ಮಿ.ಮೀ. ದಪ್ಪದ ತಂತಿ ಅದು, ಒತ್ತಿದರೆ ಬಾಗುತ್ತದೆ, ಎಳೆದರೆ ಮಾತ್ರ ತಡೆಯುತ್ತದೆ. ಹಾಗಾಗಿ ಅಷ್ಟೂ ಕಡ್ಡಿಗಳು ರಿಮ್ಮನ್ನು ಚಕ್ರದ ನಡುವಿನ ಹಬ್‌ನ ಕಡೆಗೆ ಸದಾ ಎಳೆದು ಹಿಡಿದಿರುತ್ತವೆ. ಗಾಡಿಯ ಭಾರ ಬಿದ್ದಾಗ ನೆಲದ ಹತ್ತಿರ ಬಂದ ಕಡ್ಡಿಗಳ ಎಳೆತ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ.

ಕಡ್ಡಿ ಮೊದಲೇ ಸಡಿಲವಿದ್ದರೆ ಏನಾಗುತ್ತದೆ? ಪ್ರತಿ ಸುತ್ತಿಗೂ ಅದು ಪೂರ್ತಿ ಜೋಲು ಬಿದ್ದು, ಮತ್ತೆ ಜಗ್ಗಿಸಿಕೊಳ್ಳುತ್ತದೆ. ಹಬ್‌ನೊಳಗೆ ಕೂತಿರುವ ಬಾಗಿದ ಕತ್ತಿನ ಹತ್ತಿರ ಲೋಹ ದಣಿದು ಒಂದು ದಿನ ಪಟ್ ಅಂತ ತುಂಡಾಗುತ್ತದೆ. ಕಡ್ಡಿ ಮುರಿದರೆ ಜನ 'ಜಾಸ್ತಿ ಟೈಟ್ ಮಾಡಿದ್ದಕ್ಕೆ' ಅನ್ನುತ್ತಾರೆ. ಬಹಳಷ್ಟು ಸಲ ಕಾರಣ ಅದರ ಉಲ್ಟಾ. ಒಂದು ಮುರಿದರೆ ಅದರ ಪಾಲಿನ ಎಳೆತ ಅಕ್ಕಪಕ್ಕದವಕ್ಕೆ ಬೀಳುತ್ತದೆ, ಆಮೇಲೆ ಅವೂ ಹೋಗುತ್ತವೆ.

ಇನ್ನೊಂದು ವಿಷಯ. ಎಡಗಡೆಯ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಬಲಗಡೆಯವು ಬಲಕ್ಕೆ. ಎರಡೂ ಸೇರಿ ಕೆಳಕ್ಕೆ, ಅಂದರೆ ಹಬ್‌ನ ಕಡೆಗೆ ಎಳೆಯುತ್ತವೆ. ಬೆಂಡ್ ತೆಗೆಯುವ ಪೂರ್ತಿ ವಿದ್ಯೆ ಈ ಎರಡು ವಾಕ್ಯದಲ್ಲಿದೆ.

ಏನೇನು ಬೇಕು

ಕಡ್ಡಿಯ ತುದಿಯನ್ನು ರಿಮ್ಮಿಗೆ ಹಿಡಿದಿಡುವ ಸಣ್ಣ ನಟ್ಟಿಗೆ ನಿಪ್ಪಲ್ ಎನ್ನುತ್ತಾರೆ. ಅದಕ್ಕೆ ಸರಿಯಾಗಿ ಕೂರುವ ಸ್ಪೋಕ್ ಕೀ ಒಂದು ಮುಖ್ಯ. ಸೈಕಲ್ಲಿನ ಕೀ ಬೈಕಿಗೆ ಆಗುವುದಿಲ್ಲ, ಬೈಕಿನ ನಿಪ್ಪಲ್ ದೊಡ್ಡದು. ಕೀ ಸ್ವಲ್ಪ ಸಡಿಲವಾಗಿ ಕೂತರೂ ನಿಪ್ಪಲ್‌ನ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಅದನ್ನು ತಿರುಗಿಸುವುದು ಪರದಾಟ. ಕಡ್ಡಿ ಕೊಳ್ಳಲು ಹೋದಾಗ ಹಳೇ ನಿಪ್ಪಲ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೀ ಹಾಕಿ ನೋಡಿ.

ಜೊತೆಗೆ ಚಪ್ಪಟೆ ಸ್ಕ್ರೂಡ್ರೈವರ್, ಎರಡು ಮೂರು ಟಯರ್ ಲಿವರ್, ಲೋಹ ಉಜ್ಜುವ ಅರ (ಫೈಲ್), ಸ್ಟೀಲ್ ಸ್ಕೇಲು, ಸೀಮೆಸುಣ್ಣ, ಮಾರ್ಕರ್ ಪೆನ್, ನಾಲ್ಕು ಕೇಬಲ್ ಟೈ. ಓಲಾಟ ಅಳೆಯುವ ಡಯಲ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಡೆಯುತ್ತದೆ. ವೀಲ್ ಸ್ಟ್ಯಾಂಡ್‌ಗೆ ದುಡ್ಡು ಹಾಕಬೇಡಿ. ಮುಂದಿನ ಚಕ್ರವನ್ನು ಎರಡು ಕಾಲಿನಿಂದ ಹಿಡಿದಿರುವ ನಿಮ್ಮ ಗಾಡಿಯ ಫೋರ್ಕೇ ಸ್ಟ್ಯಾಂಡ್.

ಕಡ್ಡಿ ಕೊಳ್ಳುವಾಗ ಬರೀ ಗಾಡಿಯ ಹೆಸರು ಹೇಳಿ ತರಬೇಡಿ. ಹಿಂದಿನ ಯಜಮಾನರು ರಿಮ್ ಬದಲಿಸಿರಬಹುದು, ರಿಮ್ ಬದಲಾದರೆ ಕಡ್ಡಿಯ ಉದ್ದವೂ ಬದಲಾಗುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಹೋಗುವಾಗ ಹಳೇ ಚಕ್ರದಿಂದ ಹಬ್ ಅಂಚಿನ ಒಳಮೈಗೆ ಮಲಗಿರುವ ಒಳಗಡ್ಡಿ ಒಂದು, ಹೊರಮೈಗೆ ಬಂದಿರುವ ಹೊರಗಡ್ಡಿ ಒಂದು ಬಿಚ್ಚಿಕೊಂಡು ಹೋಗಿ. ಈ ಎರಡರ ಕತ್ತು ಬಾಗಿರುವ ಕೋನ ಬೇರೆ ಇರುತ್ತದೆ, ಕೆಲವು ಗಾಡಿಗಳಲ್ಲಿ ಉದ್ದವೂ ಬೇರೆ. ಉದ್ದ ಅಳೆಯುವುದು ಕತ್ತಿನ ಒಳಬಾಗಿನಿಂದ ಮರೆ (ಥ್ರೆಡ್) ಇರುವ ತುದಿಯವರೆಗೆ. ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ: 10 ಗೇಜ್ ಅಂದರೆ ಸುಮಾರು 3.25 ಮಿ.ಮೀ., 9 ಅಂದರೆ 3.66, 8 ಅಂದರೆ 4.06. ಸಂಖ್ಯೆ ಚಿಕ್ಕದಾದಷ್ಟೂ ಕಡ್ಡಿ ದಪ್ಪ. ಗೇಜ್ ತಪ್ಪಿದರೆ ಹಬ್‌ನ ತೂತಿಗೂ ಕೂರುವುದಿಲ್ಲ, ನಿಪ್ಪಲ್‌ಗೂ ಕೂರುವುದಿಲ್ಲ.

ಒಂದೆರಡು ಕಡ್ಡಿ ಮುರಿದಿದ್ದರೆ ಅಷ್ಟೇ ಬದಲಿಸಿ. ಪದೇ ಪದೇ ಮುರಿಯುತ್ತಿದ್ದರೆ, ಅಥವಾ ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಹಿಡಿದು ಮರೆಯೇ ಕಾಣದಂತಾಗಿದ್ದರೆ, ಪೂರ್ತಿ ಸೆಟ್ ಹಾಕಿ. ಹಳತು ಹೊಸತು ಬೆರೆಸಿದ ಚಕ್ರದಲ್ಲಿ ಎಳೆತ ಸಮ ಮಾಡುವುದು ಕಷ್ಟ.

ಬಿಚ್ಚುವ ಮೊದಲು

ಈ ಭಾಗವನ್ನು ಯಾರೂ ಓದುವುದಿಲ್ಲ, ನೇರ ಕೀ ಹಿಡಿಯುತ್ತಾರೆ. ದಯವಿಟ್ಟು ಓದಿ.

ಚಕ್ರ ಗಾಡಿಯಲ್ಲಿ ಇರುವಾಗಲೇ ಮುಂಭಾಗ ಎತ್ತಿ, ರಿಮ್ಮನ್ನು ಮೇಲೆ ಕೆಳಗೆ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಸಿಕ್ಕರೆ ಬೇರಿಂಗ್ ಹೋಗಿದೆ ಎಂದು ಲೆಕ್ಕ. ಮೊದಲು ಅದನ್ನು ಬದಲಿಸಿ. ಹೋದ ಬೇರಿಂಗ್ ಮೇಲೆ ಬೆಂಡ್ ತೆಗೆದರೆ ನೀವು ತಿದ್ದುತ್ತಿರುವುದು ರಿಮ್ಮೋ ಬೇರಿಂಗೋ ಗೊತ್ತಾಗುವುದಿಲ್ಲ.

ಚಕ್ರ ಬಿಚ್ಚಿ ಎರಡೂ ಬದಿಯಿಂದ ಫೋಟೋ ತೆಗೆಯಿರಿ. ವಾಲ್ವ್ ತೂತಿನ ಹತ್ತಿರದ ಎಂಟು ಕಡ್ಡಿಗಳು ಸ್ಪಷ್ಟವಾಗಿ ಕಾಣುವಂತೆ ಇನ್ನೆರಡು ಫೋಟೋ ಇರಲಿ. ಯಾವ ಕಡ್ಡಿ ಯಾವುದರ ಮೇಲೆ ದಾಟಿದೆ, ಎಷ್ಟು ಕಡ್ಡಿ ದಾಟಿ ರಿಮ್ ಮುಟ್ಟಿದೆ ಎಂದು ನೋಡಿ ಬರೆದಿಡಿ. ಒಂದೊಂದು ಹಬ್‌ನ ಅಳತೆಗೆ ಒಂದೊಂದು ಲೆಕ್ಕ ಇರುತ್ತದೆ, ಬೇರೆ ಗಾಡಿಯ ವಿಡಿಯೋ ನೋಡಿ ಕಟ್ಟಿದರೆ ಕೂರುವುದಿಲ್ಲ. ರಿಮ್ ಮೇಲೆ ಮಾರ್ಕರ್‌ನಲ್ಲಿ 'ಬ್ರೇಕ್ ಕಡೆ' ಎಂದು ಗುರುತು ಹಾಕಿ.

ಆಮೇಲೆ ರಿಮ್ ಹಬ್‌ಗೆ ಹೋಲಿಸಿದರೆ ಎಷ್ಟು ಪಕ್ಕಕ್ಕೆ ಕೂತಿದೆ ಎಂದು ಅಳೆಯಬೇಕು. ಗ್ಯಾರೇಜಿನಲ್ಲಿ ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಟಯರ್ ತೆಗೆದು, ಬ್ರೇಕ್ ಕಡೆಯಿಂದ ರಿಮ್ಮಿನ ಎರಡು ಅಂಚಿಗೆ ತಾಗುವಂತೆ ನೇರವಾದ ಪಟ್ಟಿ ಅಡ್ಡ ಇಡಿ. ಪಟ್ಟಿಯಿಂದ ಡ್ರಮ್‌ನ ಅಂಚಿನವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಹಬ್ಬೇ ಹೊರಗೆ ಚಾಚಿದ್ದರೆ ಪಟ್ಟಿಯನ್ನು ಹಬ್ ಮೇಲಿಟ್ಟು ರಿಮ್‌ವರೆಗೆ ಅಳೆಯಿರಿ. ರಿಮ್ ಬೆಂಡ್ ಆಗಿರುವುದರಿಂದ ನಾಲ್ಕು ಕಡೆ ಅಳೆದು ಸರಾಸರಿ ತೆಗೆದುಕೊಳ್ಳಿ. ಈ ಅಂಕಿ ಇಲ್ಲದೆ ಬಿಚ್ಚಿದರೆ, ಕೊನೆಗೆ ಚಕ್ರ ಚೆನ್ನಾಗಿ ದುಂಡಗೆ ತಿರುಗುತ್ತದೆ, ಆದರೆ ಫೋರ್ಕಿನ ಒಂದು ಕಾಲಿಗೆ ಹತ್ತಿರ!

ರಿಮ್ಮನ್ನೇ ಒಮ್ಮೆ ಚೆನ್ನಾಗಿ ನೋಡಿ. ಗುಂಡಿಗೆ ಬಿದ್ದು ಅಂಚು ಒಳಕ್ಕೆ ಕೂತಿದ್ದರೆ, ನಿಪ್ಪಲ್ ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ, ಒಳಭಾಗ ತುಕ್ಕಿಗೆ ಪದರ ಪದರ ಏಳುತ್ತಿದ್ದರೆ ಅದನ್ನು ಗುಜರಿಗೆ ಹಾಕಿ. ಲೋಹವೇ ಮಡಚಿದ್ದನ್ನು ಕಡ್ಡಿಯಿಂದ ಎಳೆದು ನೇರ ಮಾಡಲಾಗದು. ಮಾಡಲು ಹೋದರೆ ಅಲ್ಲಿನ ನಾಲ್ಕು ಕಡ್ಡಿ ವಿಪರೀತ ಬಿಗಿ, ಪಕ್ಕದವು ಪೂರ್ತಿ ಸಡಿಲ.

ತುಕ್ಕು ಹಿಡಿದ ನಿಪ್ಪಲ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಿಚ್ಚುವಾಗ ಎಲ್ಲವನ್ನೂ ಒಂದೊಂದು ಸುತ್ತು ಸಡಿಲಿಸುತ್ತಾ ಬನ್ನಿ. ಒಂದೇ ಕಡೆಯಿಂದ ಪೂರ್ತಿ ಬಿಚ್ಚಿಕೊಂಡು ಹೋದರೆ ರಿಮ್ ತಿರುಚಿಕೊಳ್ಳುತ್ತದೆ.

ಅಂದಹಾಗೆ, ಕಡ್ಡಿ ಚೆನ್ನಾಗಿದ್ದು ಅದೇ ಅಳತೆಯ ಹೊಸ ರಿಮ್ ಮಾತ್ರ ಹಾಕುವುದಾದರೆ ಒಂದು ಸುಲಭ ದಾರಿ ಇದೆ. ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಟೇಪ್ ಸುತ್ತಿ. ನಿಪ್ಪಲ್ ಬಿಚ್ಚಿ ಹಳೇ ರಿಮ್ ಎತ್ತಿ, ಹೊಸದನ್ನು ಅದೇ ಜಾಗಕ್ಕೆ ಇಳಿಸಿ. ಕಡ್ಡಿಗಳು ತಮ್ಮ ತಮ್ಮ ತೂತಿನ ಎದುರೇ ನಿಂತಿರುತ್ತವೆ. ಕೆಳಗಿನ ಭಾಗ ಅರ್ಧ ಓದದಿದ್ದರೂ ನಡೆಯುತ್ತದೆ.

ಕಡ್ಡಿ ಕಟ್ಟುವುದು

36 ಕಡ್ಡಿ ಒಟ್ಟಿಗೆ ನೋಡಿದರೆ ಗಾಬರಿ. ಗುಂಪು ಮಾಡಿದರೆ ಏನೂ ಇಲ್ಲ. ಹಬ್‌ನ ಒಂದು ಬದಿಗೆ 18, ಇನ್ನೊಂದು ಬದಿಗೆ 18. ಒಂದು ಬದಿಯ 18ರಲ್ಲಿ 9 ಒಳಗಡ್ಡಿ, 9 ಹೊರಗಡ್ಡಿ. ಹಬ್‌ನ ಅಂಚಿನ ತೂತಿಗೆ ಹೊರಗಿನಿಂದ ತೂರಿಸಿ, ಒಳಮೈಗೆ ಮಲಗುವುದು ಒಳಗಡ್ಡಿ. ಅದರ ತಲೆ ಹೊರಗೆ ಕಾಣುತ್ತದೆ. ಒಳಗಿನಿಂದ ತೂರಿಸಿ ಹೊರಮೈಗೆ ಬರುವುದು ಹೊರಗಡ್ಡಿ. ಒಂದೇ ಬದಿಯಲ್ಲಿ ಒಳಗಡ್ಡಿಗಳೆಲ್ಲ ಒಂದು ದಿಕ್ಕಿಗೆ ಓರೆ, ಹೊರಗಡ್ಡಿಗಳೆಲ್ಲ ಅದರ ಎದುರು ದಿಕ್ಕಿಗೆ ಓರೆ. ಬ್ರೇಕ್ ಹಿಡಿದಾಗ ಹಬ್ ತಿರುಚುವ ಬಲವನ್ನು ರಿಮ್‌ಗೆ ದಾಟಿಸುವುದು ಈ ಓರೆಯೇ.

ರಿಮ್ಮನ್ನು ಹತ್ತಿರದಿಂದ ನೋಡಿ. ಪ್ರತಿ ನಿಪ್ಪಲ್ ತೂತಿನ ಸುತ್ತ ಒಂದು ಸಣ್ಣ ಕುಳಿ ಒತ್ತಿದ್ದಾರೆ. ಆ ಕುಳಿ ನೇರವಾಗಿಲ್ಲ. ಒಂದು ಎಡಬದಿಗೆ ವಾಲಿದ್ದರೆ ಪಕ್ಕದ್ದು ಬಲಬದಿಗೆ. ಜೊತೆಗೆ ಮುಂದಕ್ಕೋ ಹಿಂದಕ್ಕೋ ಒಂದು ಓರೆಯೂ ಇದೆ. ಸ್ಕ್ರೂಡ್ರೈವರನ್ನೋ ಹಳೇ ಕಡ್ಡಿಯನ್ನೋ ತೂತಿನಲ್ಲಿ ಸುಮ್ನೆ ನಿಲ್ಲಿಸಿದರೆ ಅದು ಎತ್ತ ಬೊಟ್ಟು ಮಾಡುತ್ತದೋ ಅತ್ತಲಿಂದ ಬರುವ ಕಡ್ಡಿ ಅದರದ್ದು. ಇದೇ ನಮೂನೆ ನಾಲ್ಕು ನಾಲ್ಕು ತೂತಿಗೆ ಮರಳಿ ಬರುತ್ತದೆ. ಗೊಂದಲವಾದಾಗಲೆಲ್ಲ ಕುಳಿಯನ್ನೇ ಕೇಳಿ. ಅದು ಸುಳ್ಳು ಹೇಳುವುದಿಲ್ಲ.

ಈಗ ನೆಲದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ರಿಮ್ ಮಲಗಿಸಿ, ಬ್ರೇಕ್ ಕಡೆ ಮೇಲೆ. ಹಬ್ಬೂ ಹಾಗೇ ಇರಲಿ. ಮೊದಲು ಎರಡೂ ಬದಿಯ ಒಳಗಡ್ಡಿಗಳನ್ನು ಹಬ್‌ಗೆ ತೂರಿಸಿಬಿಡಿ, ಹದಿನೆಂಟೂ. ಹೊರಗಡ್ಡಿ ಕಟ್ಟಿದ ಮೇಲೆ ಇವನ್ನು ತೂರಿಸಲು ಜಾಗ ಇರುವುದಿಲ್ಲ.

ಮೇಲಿನ ಬದಿಯ ಒಂದು ಒಳಗಡ್ಡಿ ಹಿಡಿದು, ಫೋಟೋದಲ್ಲಿ ವಾಲ್ವ್ ಪಕ್ಕ ಅದು ಯಾವ ತೂತಿನಲ್ಲಿತ್ತೋ ಅಲ್ಲಿಗೆ ತನ್ನಿ. ಮರೆಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸಿ, ನಿಪ್ಪಲ್ ಮೂರು ನಾಲ್ಕು ಸುತ್ತು ಮಾತ್ರ ಹಾಕಿ. ಅಲ್ಲಿಂದ ಮೂರು ತೂತು ಬಿಟ್ಟು ನಾಲ್ಕನೆಯದಕ್ಕೆ ಮುಂದಿನ ಒಳಗಡ್ಡಿ. ಹೀಗೆ ಒಂಬತ್ತೂ. ಹಬ್ ಈಗ ಒಂದು ದಿಕ್ಕಿಗೆ ತಿರುಗಿ ನಿಲ್ಲುತ್ತದೆ, ನಿಲ್ಲಬೇಕು. ಚಕ್ರ ಮಗುಚಿ ಇನ್ನೊಂದು ಬದಿಯ ಒಂಬತ್ತು ಒಳಗಡ್ಡಿಗಳನ್ನು ಅದೇ ರೀತಿ ಅವುಗಳ ಕುಳಿಗೆ ಕಟ್ಟಿ. ಇಲ್ಲಿ ನಿಂತು ಎಣಿಸಿ: ಹದಿನೆಂಟು ತೂತು ತುಂಬಿರಬೇಕು, ಹದಿನೆಂಟು ಖಾಲಿ, ಖಾಲಿ ಇರುವವು ಸರಿಯಾದ ಅಂತರದಲ್ಲಿ ಮರಳಿ ಬರುತ್ತಿರಬೇಕು.

ಇನ್ನು ಹೊರಗಡ್ಡಿ. ಒಂದೊಂದನ್ನೇ ಹಬ್‌ನ ಒಳಗಿನಿಂದ ತೂರಿಸಿ, ಎದುರು ದಿಕ್ಕಿಗೆ ಓರೆ ಮಾಡಿ, ಒಳಗಡ್ಡಿಗಳ ಮೇಲೆ ದಾಟಿಸಿ, ಉಳಿದ ತೂತಿಗೆ ತನ್ನಿ. ಒಳಗಿನ ಕಡ್ಡಿಗಳು ಅಡ್ಡ ಬಂದರೆ ಸ್ವಲ್ಪ ಸರಿಸಿ ದಾರಿ ಮಾಡಿ. ಕಡ್ಡಿ ಬಾಗಿಸಿ ತುರುಕಬೇಡಿ. ನಿಪ್ಪಲ್ ಮುಟ್ಟಲು ಒಂದು ಸೆಂ.ಮೀ. ಕಡಿಮೆ ಬೀಳುತ್ತಿದ್ದರೆ ಕಡ್ಡಿ ಗಿಡ್ಡ ಇದೆ ಎಂದು ಅಂಗಡಿಗೆ ಓಡಬೇಡಿ. ಮುಕ್ಕಾಲು ಪಾಲು ಎಲ್ಲೋ ಒಂದು ಕಡ್ಡಿ ಪಕ್ಕದ ತೂತಿಗೆ ಹೋಗಿರುತ್ತದೆ, ಅಥವಾ ಒಳಗಡ್ಡಿಯ ಜಾಗದಲ್ಲಿ ಹೊರಗಡ್ಡಿ ಕೂತಿರುತ್ತದೆ. ಫೋಟೋ ಜೊತೆ ತಾಳೆ ನೋಡಿ.

ಎಲ್ಲಾ ಕಟ್ಟಿದ ಮೇಲೆ ವಾಲ್ವ್ ತೂತಿನ ಹತ್ತಿರ ನೋಡಿ. ಪಂಪಿನ ಬಾಯಿ ಹೋಗಲು ಜಾಗ ಇರಬೇಕು. ಅಲ್ಲೇ ಎರಡು ಕಡ್ಡಿ ಹತ್ತಿರ ಬಂದು ಅಡ್ಡ ನಿಂತಿದ್ದರೆ ಇಡೀ ನಮೂನೆ ಒಂದು ತೂತು ಜರುಗಿರಬಹುದು. ಬಿಚ್ಚಿ ಮತ್ತೆ ಕಟ್ಟಲು ಬೇಜಾರೇ, ಆದರೆ ಬೇಜಾರಿಗೆ ಇದು ಒಳ್ಳೆ ಸಮಯ. ಬಿಗಿ ಮಾಡಿದ ಮೇಲೆ ಗೊತ್ತಾದರೆ ಇನ್ನೂ ಬೇಜಾರು.

ಎಣ್ಣೆಯ ಮಾತು ಬಂತಲ್ಲ. ಚಕ್ರ ಕಟ್ಟುವವರಲ್ಲಿ ಮರೆಗೆ ಅಗಸೆ ಎಣ್ಣೆ ಹಚ್ಚುವ ಹಳೆಯ ಪದ್ಧತಿ ಒಂದಿದೆ. ಬಿಗಿ ಮಾಡುವಾಗ ಜಾರುತ್ತದೆ, ದಿನ ಕಳೆದಂತೆ ಒಣಗಿ ಅಂಟಾಗಿ ನಿಪ್ಪಲ್ ತಾನಾಗಿ ಸಡಿಲವಾಗುವುದನ್ನು ತಡೆಯುತ್ತದೆ. ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಇದು ಬೇಡ ಅನ್ನುವವರು ಸಾದಾ ಗ್ರೀಸ್ ಹಚ್ಚಿ.

ಮೊದಲ ಬಿಗಿ

ಇಲ್ಲಿಂದ ಎಲ್ಲವೂ ವಾಲ್ವ್ ತೂತಿನಿಂದ ಶುರುವಾಗಿ ವಾಲ್ವ್ ತೂತಿಗೇ ಮುಗಿಯಬೇಕು. ಇಲ್ಲದಿದ್ದರೆ ಎಲ್ಲಿ ನಿಲ್ಲಿಸಿದಿರಿ ಎನ್ನುವುದೇ ಮರೆಯುತ್ತದೆ.

ಸ್ಕ್ರೂಡ್ರೈವರಿನಲ್ಲಿ ಪ್ರತಿ ನಿಪ್ಪಲ್ಲನ್ನೂ ಕಡ್ಡಿಯ ಕೊನೆಯ ಮರೆ ಅದರೊಳಗೆ ಮುಳುಗುವವರೆಗೆ ತಿರುಗಿಸಿ. 36ಕ್ಕೂ ಇದೇ ಅಳತೆ. ಆಗ ಎಲ್ಲವೂ ಒಂದೇ ಗೆರೆಯಿಂದ ಓಟ ಶುರು ಮಾಡಿದಂತಾಗುತ್ತದೆ. ಆಮೇಲೆ ಕೀ ಹಿಡಿದು ಚಕ್ರದ ಸುತ್ತ ಒಂದೊಂದು ಸಲಕ್ಕೆ ಎಲ್ಲವನ್ನೂ ಅರ್ಧ ತಿರುವು ಬಿಗಿ ಮಾಡುತ್ತಾ ಬನ್ನಿ. ಜೋಲು ಹೋಗುವವರೆಗೆ ಹೀಗೇ.

ತಿರುವಿನ ದಿಕ್ಕಿನಲ್ಲಿ ಎಲ್ಲರಿಗೂ ಗೊಂದಲ. ರಿಮ್ಮಿನ ಹೊರಗಿನಿಂದ, ಅಂದರೆ ಟಯರ್ ಕೂರುವ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು ಬಿಗಿ. ಕೀ ಹಿಡಿಯುವುದು ಒಳಗಿನಿಂದ. ಹಬ್‌ನ ಕಡೆಯಿಂದ ನೋಡುವಾಗ ಅದೇ ಬಿಗಿ ಎದುರು ದಿಕ್ಕಾಗಿ ಕಾಣುತ್ತದೆ. ಮೊದಲ ದಿನ ರಿಮ್ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದುಕೊಂಡರೆ ನಾಚಿಕೆ ಏನಿಲ್ಲ.

ಬೆಂಡ್ ತೆಗೆಯುವುದು

ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಭಾಗ ಎತ್ತಿ. ಗಾಡಿ ಅಲ್ಲಾಡದಂತೆ ಗಟ್ಟಿಯಾಗಿ ನಿಲ್ಲಿಸಿದ್ದೀರಿ ಎಂದು ನೋಡಿಕೊಂಡು, ಟಯರ್ ಇಲ್ಲದ ಚಕ್ರವನ್ನು ಬ್ರೇಕ್ ಪ್ಲೇಟ್ ಸಮೇತ ಫೋರ್ಕಿಗೆ ಹಾಕಿ. ಬ್ರೇಕ್ ಉಜ್ಜದಂತೆ ಕೇಬಲ್ ಸಡಿಲಿಸಿ. ಫೋರ್ಕಿನ ಎರಡೂ ಕಾಲಿಗೆ ಕೇಬಲ್ ಟೈ ಕಟ್ಟಿ, ಬಾಲದ ತುದಿ ರಿಮ್ಮಿನ ಬದಿಗೆ ಒಂದೆರಡು ಮಿ.ಮೀ. ದೂರ ಇರುವಂತೆ ಕತ್ತರಿಸಿ. ಇದು ಅಕ್ಕಪಕ್ಕದ ಓಲಾಟ ತೋರಿಸುವ ಮುಳ್ಳು. ಏರಿಳಿತಕ್ಕೆ ಎರಡೂ ಕಾಲಿಗೆ ಅಡ್ಡಲಾಗಿ, ರಿಮ್ಮಿನ ಅಂಚಿಗೆ ಸ್ವಲ್ಪವೇ ಮೇಲೆ ಬರುವಂತೆ ಒಂದು ಸ್ಕೇಲು ಕಟ್ಟಿ.

ಮೊದಲು ಏರಿಳಿತ, ಆಮೇಲೆ ಓಲಾಟ. ಈ ಕ್ರಮ ತಪ್ಪಿಸಬೇಡಿ. ಏರಿಳಿತ ತೆಗೆಯಲು ಜಾಸ್ತಿ ತಿರುವು ಬೇಕು, ಓಲಾಟಕ್ಕೆ ಕಡಿಮೆ ಸಾಕು. ಉಲ್ಟಾ ಮಾಡಿದರೆ ಮೊದಲು ಮಾಡಿದ ಕೆಲಸವೆಲ್ಲ ನೀರುಪಾಲು.

ಚಕ್ರ ನಿಧಾನ ತಿರುಗಿಸಿ. ಎಲ್ಲಿ ರಿಮ್ ಸ್ಕೇಲಿಗೆ ಹತ್ತಿರ ಬರುತ್ತದೋ ಅದು ಉಬ್ಬು. ಅಲ್ಲಿ ಸೀಮೆಸುಣ್ಣ ಹಾಕಿ, ಆ ಜಾಗದ ನಾಲ್ಕು ಕಡ್ಡಿಗಳನ್ನು, ಎಡಕ್ಕೆ ಎರಡು ಬಲಕ್ಕೆ ಎರಡು, ಕಾಲು ತಿರುವು ಬಿಗಿ ಮಾಡಿ. ತಗ್ಗು ಇದ್ದಲ್ಲಿ ಹಾಗೇ ನಾಲ್ಕನ್ನು ಕಾಲು ತಿರುವು ಸಡಿಲಿಸಿ. ರಿಮ್ ಬೆಸುಗೆ ಹಾಕಿರುವ ಜಾಗದಲ್ಲಿ ಒಂದು ಸಣ್ಣ ಗಂಟು ಇರುತ್ತದೆ. ಅದನ್ನು ಉಬ್ಬು ಅಂದುಕೊಂಡು ಅಲ್ಲೇ ಅರ್ಧ ದಿನ ಕಳೆಯಬೇಡಿ, ಬಿಟ್ಟುಬಿಡಿ.

ಇನ್ನು ಓಲಾಟ. ರಿಮ್ ಎಡದ ಮುಳ್ಳಿಗೆ ತಾಗುತ್ತಿದೆ, ಐದು ಕಡ್ಡಿಯಷ್ಟು ಉದ್ದ ತಾಗಿ ಬಿಡುತ್ತಿದೆ ಅಂದುಕೊಳ್ಳಿ. ಅಲ್ಲಿ ಎರಡು ಎಡಗಡ್ಡಿ, ಮೂರು ಬಲಗಡ್ಡಿ ಇವೆ. ನಟ್ಟನಡುವೆ ಇರುವುದು ಬಲಗಡ್ಡಿ: ಅದನ್ನು ಅರ್ಧ ತಿರುವು ಬಿಗಿ ಮಾಡಿ. ಅದರ ಎರಡು ಪಕ್ಕದ ಎಡಗಡ್ಡಿಗಳನ್ನು ಕಾಲು ಕಾಲು ತಿರುವು ಸಡಿಲಿಸಿ. ಬಿಗಿ ಮಾಡಿದ್ದು ಒಟ್ಟು ಅರ್ಧ, ಬಿಟ್ಟಿದ್ದೂ ಒಟ್ಟು ಅರ್ಧ. ಹಾಗಾಗಿ ರಿಮ್ ಬಲಕ್ಕೆ ಬಂತು, ಮೇಲೆ ಕೆಳಗೆ ಆಗಲಿಲ್ಲ. ಅಂಚಿನಲ್ಲಿರುವ ಇನ್ನೆರಡು ಬಲಗಡ್ಡಿಗಳನ್ನು ಈಗಲೇ ಮುಟ್ಟಬೇಡಿ. ಚಕ್ರ ತಿರುಗಿಸಿ ನೋಡಿ, ಇನ್ನೂ ತಾಗಿದರೆ ಆಮೇಲೆ. ಒಂದು ಕಡೆ ಪೂರ್ತಿ ಸರಿ ಮಾಡಿ ಮುಂದೆ ಹೋಗುವುದೂ ಬೇಡ. ಅತಿ ಕೆಟ್ಟ ಜಾಗವನ್ನು ಅರ್ಧ ಸರಿ ಮಾಡಿ, ಆಗ ಯಾವುದು ಅತಿ ಕೆಟ್ಟದ್ದೋ ಅಲ್ಲಿಗೆ ಹೋಗಿ. ಚಕ್ರ ಬೇಗ ಹಾದಿಗೆ ಬರುತ್ತದೆ.

ಆಗಾಗ ಆಫ್‌ಸೆಟ್ ಅಳೆಯುತ್ತಿರಿ. ಇಡೀ ರಿಮ್ ಬಲಕ್ಕೆ ಬರಬೇಕಾದರೆ ಬಲದ ಹದಿನೆಂಟನ್ನೂ ಕಾಲು ತಿರುವು ಬಿಗಿ, ಎಡದ ಹದಿನೆಂಟನ್ನೂ ಕಾಲು ತಿರುವು ಸಡಿಲ.

ಎಷ್ಟು ಸರಿಯಾದರೆ ಸಾಕು? ಹೋಂಡಾ ಮ್ಯಾನುಯಲ್‌ಗಳಲ್ಲಿ ಸಾಮಾನ್ಯವಾಗಿ ಏರಿಳಿತಕ್ಕೂ ಓಲಾಟಕ್ಕೂ ತಲಾ 2 ಮಿ.ಮೀ. ಗರಿಷ್ಠ ಮಿತಿ. ಅಷ್ಟು ದಾಟಿದರೆ ರಿಪೇರಿ ಬೇಕು ಎಂದರ್ಥ, ಅಷ್ಟಕ್ಕೇ ನಿಲ್ಲಿಸಿ ಎಂದಲ್ಲ. ಮನೆಯಲ್ಲಿ 1 ಮಿ.ಮೀ. ಒಳಗೆ ತಂದರೆ ಒಳ್ಳೆಯ ಕೆಲಸ. ಅದಕ್ಕಿಂತ ಕೆಳಗೆ ಇಳಿಸಲು ಹಠ ಹಿಡಿದರೆ ಓಲಾಟ ಹೋಗಿ ಎಳೆತ ಏರುಪೇರಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಸಮನಾದ ಎಳೆತವನ್ನೇ ಆರಿಸುತ್ತೇನೆ. ಅರ್ಧ ಮಿ.ಮೀ. ಓಲಾಟ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ, ಸಡಿಲ ಕಡ್ಡಿ ಮಾತ್ರ ಮುರಿದೇ ತೀರುತ್ತದೆ.

ಕಿವಿಗೆ ಕೆಲಸ ಕೊಡಿ

ಸಣ್ಣ ಸ್ಪ್ಯಾನರ್‌ನಿಂದ ಪ್ರತಿ ಕಡ್ಡಿಯ ನಡುವೆ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲದ್ದು ದಡ್ ಅನ್ನುತ್ತದೆ. ಒಳಗಡ್ಡಿಯನ್ನು ಒಳಗಡ್ಡಿ ಜೊತೆಗೆ, ಅದೇ ಬದಿಯಲ್ಲಿ ಹೋಲಿಸಿ. ಒಳ ಹೊರ ಕಡ್ಡಿಗಳ ಸದ್ದು ಸ್ವಲ್ಪ ಬೇರೆ ಇರಬಹುದು. ದಾಟುವಲ್ಲಿ ಎರಡು ಕಡ್ಡಿ ತಾಗಿಕೊಂಡಿದ್ದರೆ ಸದ್ದು ಮಂಕಾಗುತ್ತದೆ, ಅದನ್ನು ಸಡಿಲ ಅಂದುಕೊಳ್ಳಬೇಡಿ. ಟಾರ್ಕ್ ಇರುವ ಸ್ಪೋಕ್ ಕೀ ಸಿಕ್ಕರೆ ನಿಮ್ಮ ಗಾಡಿಯ ಮ್ಯಾನುಯಲ್ ಅಂಕಿ ನೋಡಿ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 2ರಿಂದ 4 ನ್ಯೂಟನ್ ಮೀಟರ್. ಬಹಳ ಕಡಿಮೆ, ಅಲ್ವಾ? ಬೆರಳಿನ ಬಲದ ಕೆಲಸ ಇದು. ತುಕ್ಕು ಹಿಡಿದ ನಿಪ್ಪಲ್‌ನಲ್ಲಿ ಈ ಅಂಕಿಯನ್ನು ನಂಬಬೇಡಿ. ಕೀ ತೋರಿಸುವುದು ತುಕ್ಕಿನ ಬಿಗಿ, ಕಡ್ಡಿಯದ್ದಲ್ಲ.

ಕೈಗವಸು ಹಾಕಿ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಜೋರಾಗಿ ಹಿಸುಕುತ್ತಾ ಚಕ್ರದ ಸುತ್ತ ಬನ್ನಿ. ಕಡ್ಡಿಯ ತಲೆ ಹಬ್‌ನಲ್ಲಿ, ನಿಪ್ಪಲ್ ಕುಳಿಯಲ್ಲಿ ಸರಿಯಾಗಿ ಕೂರುತ್ತವೆ. ಕಿರ್ ಅನ್ನುವ ಸದ್ದು ಬಂದರೆ ಹೆದರಬೇಡಿ, ಅವು ಕೂರುತ್ತಿವೆ. ಮತ್ತೆ ಮುಳ್ಳಿಗೆ ಹಿಡಿದು ನೋಡಿ, ಸ್ವಲ್ಪ ಬದಲಾಗಿರುತ್ತದೆ. ತಿದ್ದಿ, ಮತ್ತೆ ಹಿಸುಕಿ. ಬದಲಾಗುವುದು ನಿಲ್ಲುವವರೆಗೆ.

ಟಯರ್ ಹಾಕುವ ಮುಂಚೆ, ರಸ್ತೆಗಿಳಿಯುವ ಮುಂಚೆ

ರಿಮ್ಮಿನ ಒಳಗೆ ಬೆರಳಾಡಿಸಿ. ನಿಪ್ಪಲ್ ದಾಟಿ ಚಾಚಿರುವ ಕಡ್ಡಿ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿ. ಲೋಹದ ಪುಡಿ ಪೂರ್ತಿ ಒರೆಸಿ. ಹೊಸ ರಿಮ್ ಟೇಪ್ ಹಾಕಿ. ಇವು ತಪ್ಪಿದರೆ ಟ್ಯೂಬ್ ಒಳಗಿನಿಂದ ಪಂಕ್ಚರ್ ಆಗುತ್ತಲೇ ಇರುತ್ತದೆ, ಪಂಕ್ಚರ್ ಅಂಗಡಿಯವನು ಹೊರಗೆ ಮೊಳೆ ಹುಡುಕುತ್ತಲೇ ಇರುತ್ತಾನೆ. ಟಯರ್ ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವ್ ಎದುರಿನಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ.

ಚಕ್ರ ವಾಪಸ್ ಹಾಕುವಾಗ ಒಂದನ್ನು ಮಾತ್ರ ಎರಡು ಸಲ ನೋಡಿ. ಮುಂದಿನ ಡ್ರಮ್ ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇರುತ್ತದೆ, ಫೋರ್ಕಿನ ಕಾಲಿನಲ್ಲಿರುವ ಗುಬುಟು ಅದರೊಳಗೆ ಕೂರಬೇಕು. ಕೂರದೆ ಆಕ್ಸಲ್ ಬಿಗಿ ಮಾಡಿದರೆ, ಬ್ರೇಕ್ ಹಿಡಿದಾಗ ಪ್ಲೇಟೇ ಚಕ್ರದ ಜೊತೆ ತಿರುಗಿ ಚಕ್ರ ಕಚ್ಚಿ ನಿಲ್ಲುತ್ತದೆ. ಮುಂದಿನ ಚಕ್ರ, ಓಡುವ ಗಾಡಿ, ಮುಂದೆ ಹೇಳಬೇಕಾಗಿಲ್ಲ. ಸ್ಪೀಡೋಮೀಟರ್ ಗೇರಿನ ಹಲ್ಲು ಹಬ್‌ನ ಜಾಗಕ್ಕೆ ಕೂತಿದೆಯೇ, ಆಕ್ಸಲ್ ನಟ್ ಮ್ಯಾನುಯಲ್ ಹೇಳಿದಷ್ಟು ಬಿಗಿ ಇದೆಯೇ, ಸ್ಪ್ಲಿಟ್ ಪಿನ್ ಇರುವ ಗಾಡಿಯಾದರೆ ಹೊಸ ಪಿನ್ ಹಾಕಿದ್ದೀರೇ, ಬ್ರೇಕ್ ಕೇಬಲ್ ಮತ್ತೆ ಸರಿ ಮಾಡಿದ್ದೀರೇ ಎಂದು ನೋಡಿ.

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಿಡಿದು ಬಿಟ್ಟು ನೋಡಿ. ಬಂದು ಎಲ್ಲಾ ಕಡ್ಡಿಗಳನ್ನು ಮತ್ತೆ ತಟ್ಟಿ. ಸುಮಾರು 100 ಕಿ.ಮೀ. ಆದ ಮೇಲೆ ಇನ್ನೊಮ್ಮೆ. ಹೊಸದಾಗಿ ಕಟ್ಟಿದ ಚಕ್ರದಲ್ಲಿ ಕೆಲವು ಕಡ್ಡಿ ಸಡಿಲವಾಗುವುದು ಸಹಜ, ಕಾಲು ತಿರುವಿನಲ್ಲಿ ಸರಿಹೋಗುತ್ತದೆ. ಅದೇ ಕಡ್ಡಿ ಮತ್ತೆ ಮತ್ತೆ ಸಡಿಲವಾದರೆ ಬಿಗಿ ಮಾಡುತ್ತಾ ಕೂರಬೇಡಿ. ಆ ನಿಪ್ಪಲ್ ಬಿಚ್ಚಿ ಮರೆ ಹೋಗಿದೆಯೇ, ರಿಮ್ಮಿನ ಕುಳಿಯಲ್ಲಿ ಬಿರುಕಿದೆಯೇ ನೋಡಿ. ಮೊದಲ ಚಕ್ರವನ್ನು ಹೆದ್ದಾರಿಗೆ ಒಯ್ಯುವ ಮುಂಚೆ ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಬರೀ ತಟ್ಟಿ ನೋಡಿ ಹೇಳಲು ಅವರಿಗೆ ಎರಡು ನಿಮಿಷ ಸಾಕು.

ಹಿಂದಿನ ಚಕ್ರಕ್ಕೆ ಹೋಗುವಾಗ ಇಷ್ಟು ನೆನಪಿರಲಿ. ಸ್ಪ್ರಾಕೆಟ್ ಕಡೆಯ ಕಡ್ಡಿಗಳನ್ನು ಬೇರೆ ಡಬ್ಬಿಯಲ್ಲಿಡಿ. ಎರಡೂ ಬದಿಯ ಎಳೆತ ಅಲ್ಲಿ ಒಂದೇ ಇರದಿರಬಹುದು, ಹಾಗಾಗಿ ಸದ್ದನ್ನು ಬದಿ ಬದಿಗೆ ಬೇರೆಯಾಗಿಯೇ ಹೋಲಿಸಿ. ಆಫ್‌ಸೆಟ್ ಇನ್ನೂ ಜಾಗ್ರತೆಯಿಂದ ಅಳೆಯಿರಿ. ಮುಂದೆ ಮೂರು ಮಿ.ಮೀ. ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆದಂತೆ ಅನ್ನಿಸಬಹುದು. ಹಿಂದೆ ಅಷ್ಟೇ ತಪ್ಪಿದರೆ ಟಯರ್ ಹೋಗಿ ಚೈನ್ ಕವರಿಗೋ ಸ್ವಿಂಗ್ ಆರ್ಮ್‌ಗೋ ಉಜ್ಜಲೂಬಹುದು.